ಅರ್ಜಿ ಹಿಡಿದು ಮಿಲ್ಲಿನ ಬಾಗಿಲಿಗೆ ಹೋಗಬೇಕೆ?

ಬಿ.ಕಾಂ. ಮುಗಿಸಿ ಎರಡು ವರ್ಷ ಕಳೆದಿರುವ ನನ್ನ ಅಕ್ಕನ ಮಗ ಈವರೆಗೆ ಅರವತ್ತಕ್ಕೂ ಹೆಚ್ಚು ಅರ್ಜಿಗಳನ್ನು ಮೊಬೈಲಿನಿಂದಲೇ ಕಳುಹಿಸಿದ್ದಾನೆ. "ನಾಕು ಮಿಲ್ಲಿಗಿ ಹೋಗಿ ಕೇಳಿ ಬಾರಪ್ಪಾ" ಎಂದರೆ, "ಮಾಮಾ, ಹಂಗ ಹೋದ್ರ ಬೇಡ್ಲಾಕ ಹೋದಂಗ ಆಗ್ತದ" ಎನ್ನುತ್ತಾನೆ. ಅವನ ಸಂಕೋಚ ನನಗೆ ಅರ್ಥವಾಗುತ್ತದೆ, ಆದರೆ ವಾದ ಒಪ್ಪಿಗೆಯಾಗುವುದಿಲ್ಲ. ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಬೇಳೆ ಮಿಲ್ಲೊಂದರಲ್ಲಿ 2009ರಿಂದ ಲೆಕ್ಕ ಬರೆಯುತ್ತಿರುವ ನಾನು, ಹಾಗೆ ಅರ್ಜಿ ಹಿಡಿದು ಬರುವವರನ್ನು ಮೇಜಿನ ಈಚೆ ಕುಳಿತು ನೋಡುತ್ತ ಬಂದವನು.

ನಮ್ಮಂಥ ಕಡೆ ಕೆಲಸ ಖಾಲಿಯಾದ ಸುದ್ದಿ ಎಲ್ಲಿಯೂ ಅಚ್ಚಾಗುವುದಿಲ್ಲ. 25 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂಬ ಕಾನೂನು 1959ರಲ್ಲಿಯೇ ಬಂದಿತ್ತು. ನಮ್ಮ ಮಿಲ್ಲಿನಲ್ಲಿ ಹಮಾಲರನ್ನು ಬಿಟ್ಟರೆ ಕಾಯಂ ನೌಕರರು ಒಂಬತ್ತೇ ಜನ. ಒಬ್ಬ ಕೆಲಸ ಬಿಟ್ಟನೆಂದರೆ ಸಾಹುಕಾರರು ಗಂಜಿನಲ್ಲಿ, ಅಂದರೆ ದವಸದ ಮಾರುಕಟ್ಟೆಯಲ್ಲಿ, ಇಬ್ಬರಿಗೆ ಹೇಳಿಡುತ್ತಾರೆ, ಅಷ್ಟೇ. ಆ ಇಬ್ಬರ ಪರಿಚಯವಿಲ್ಲದ ಹುಡುಗನಿಗೆ ಆ ಸುದ್ದಿ ತಲುಪುವ ದಾರಿಯೆಂದರೆ, ಅವನೇ ಬಂದು ಕೇಳುವುದು. ನಾನು ಕೆಲಸ ಹುಡುಕುವಾಗ ಹನ್ನೊಂದು ಮಿಲ್ಲುಗಳಲ್ಲಿ ಇಲ್ಲವೆನಿಸಿಕೊಂಡು ಹನ್ನೆರಡನೆಯದಕ್ಕೆ ಬಂದೆ. ಹಿಂದಿನ ಗುಮಾಸ್ತರು ಎರಡು ದಿನದ ಕೆಳಗೆ ಸೊಲ್ಲಾಪುರಕ್ಕೆ ಹೋಗಿಬಿಟ್ಟಿದ್ದರು. ಸಾಹುಕಾರರು ನನ್ನ ಅಂಕಪಟ್ಟಿಯನ್ನು ನೋಡಲಿಲ್ಲ. ರೋಕಡ ಕಿರ್ದಿಯ (ದಿನದ ನಗದು ಲೆಕ್ಕದ ಪುಸ್ತಕದ) ಒಂದು ಪುಟವನ್ನು ಮುಂದೆ ತಳ್ಳಿ ಮೊತ್ತ ಹಾಕೆಂದರು. ಇ-ಮೇಲಿನಲ್ಲಿ ಆ ಪುಟ ನನ್ನ ಮುಂದೆ ಬರುತ್ತಿರಲಿಲ್ಲ.

ಆದರೆ ಹೋಗುವುದಕ್ಕೂ ಒಂದು ಹೊತ್ತು ಇದೆ, ಬರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಜನವರಿಯಿಂದ ತೊಗರಿಯ ಆವಕ ಜೋರಾಗಿರುವಾಗ ಬೆಳಿಗ್ಗೆ ಸಾಹುಕಾರರ ಜೀವವೆಲ್ಲ ಗಂಜಿನ ದರದಲ್ಲಿರುತ್ತದೆ. ಆಗ ಎದುರಿಗೆ ನಿಂತವನು ಯಾರೆಂಬುದೂ ಅವರಿಗೆ ನೆನಪುಳಿಯುವುದಿಲ್ಲ. ಊಟವಾಗಿ ಲೆಕ್ಕಕ್ಕೆ ಕೂರುವ ಮೂರು, ನಾಲ್ಕು ಗಂಟೆಯ ಹೊತ್ತಿಗೆ ಬಂದರೆ ಚಹಾ ಕೂಡ ಸಿಗಬಹುದು. ಲೆಕ್ಕದ ಕೆಲಸ ಕೇಳುವವರು ತಿಂಗಳ 11 ಮತ್ತು 20ನೇ ತಾರೀಖಿನ ಆಸುಪಾಸು ಬರಲೇಬಾರದು, ಜಿಎಸ್‌ಟಿ ರಿಟರ್ನಿನ ಗಡುವಿನ ದಿನ ನಾವು ಮನೆಯವರ ಫೋನನ್ನೂ ಎತ್ತುವುದಿಲ್ಲ. ಖಾಸಗಿ ಶಾಲೆಗಳಿಗಾದರೆ ಏಪ್ರಿಲ್, ಮೇ ತಿಂಗಳೇ ಸರಿ. ನಮ್ಮ ಊರಿನ ಆ ಬಿಸಿಲಿನಲ್ಲಿ ಅಲೆಯುವುದು ಸುಲಭವಲ್ಲವಾದರೂ ಜೂನಿನೊಳಗೆ ಜಾಗಗಳು ತುಂಬಿಬಿಡುತ್ತವೆ.

ಎಲ್ಲ ಕಡೆಗೂ ಹೀಗೆ ಹೋಗಿರೆಂದು ನಾನು ಹೇಳುವುದಿಲ್ಲ. ದೊಡ್ಡ ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ನಿಂತ ಕಾವಲುಗಾರನಿಗೆ ಅರ್ಜಿ ತೆಗೆದುಕೊಳ್ಳುವ ಅಧಿಕಾರವಿರುವುದಿಲ್ಲ. ಅಲ್ಲಿಗೆ ಆನ್‌ಲೈನ್ ಅರ್ಜಿಯೇ ದಾರಿ. ಸರ್ಕಾರಿ ನೌಕರಿಗಾಗಿ ಯಾರನ್ನಾದರೂ "ಭೇಟಿಯಾಗಬೇಕು" ಎಂದು ಹೇಳುವವರಿಂದ ದೂರವೇ ಇರಬೇಕು. 2021ರಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮದ ತನಿಖೆ ನಮ್ಮ ಊರಿನ ಪರೀಕ್ಷಾ ಕೇಂದ್ರದವರೆಗೂ ಬಂದು, 2022ರಲ್ಲಿ ಆ ಪರೀಕ್ಷೆಯೇ ರದ್ದಾದ ಮೇಲೆ, ಭೇಟಿ ಎಂಬ ಮಾತಿಗೇ ಇಲ್ಲಿ ಒಂದು ಕೆಟ್ಟ ವಾಸನೆ ಹತ್ತಿಕೊಂಡಿದೆ. ನನ್ನ ಅಳಿಯನ ಸಂಕೋಚದ ಬೇರು ಇದರಲ್ಲಿಯೂ ಇರಬಹುದು. ವಶೀಲಿ ಹುಡುಕಿಕೊಂಡು ಒಬ್ಬರ ಮನೆಗೆ ಹೋಗುವುದು ಬೇರೆ, ನನಗೆ ಈ ಕೆಲಸ ಬರುತ್ತದೆಂದು ಹಗಲು ಹೊತ್ತಿನಲ್ಲಿ ಕಚೇರಿಗೆ ಹೋಗಿ ಹೇಳುವುದು ಬೇರೆ ಎಂದು ಅವನಿಗೆ ಎಷ್ಟೋ ಸಲ ಹೇಳಿದ್ದೇನೆ. (371-ಜೆ ಪ್ರಮಾಣಪತ್ರವನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲಿಟ್ಟುಕೊಂಡು ಮಿಲ್ಲಿಗೆ ಬರುವವರೂ ಇದ್ದಾರೆ. ಅದು ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿಗಾಗಿ ಸರ್ಕಾರಿ ಹುದ್ದೆಗೂ ಕಾಲೇಜು ಪ್ರವೇಶಕ್ಕೂ ಬೇಕಾಗುವ ಕಾಗದ. ನಮ್ಮ ಸಾಹುಕಾರರು ಅದನ್ನು ಗೌರವದಿಂದ ನೋಡಿ ಮರಳಿಸುತ್ತಾರೆ.)

ಹೆಣ್ಣುಮಕ್ಕಳ ಕಷ್ಟ ಇನ್ನೊಂದು ಬಗೆಯದು. 2023ರ ಜೂನಿನಲ್ಲಿ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಪ್ರಯಾಣ ಉಚಿತವಾದಂದಿನಿಂದ ಬಸ್ಸಿನ ಖರ್ಚು ಉಳಿದಿದೆ ನಿಜ, ಆದರೆ ಬಸ್ ಇಳಿದ ಮೇಲೆ ಲಾರಿಗಳ ನಡುವೆ ಒಬ್ಬಳೇ ನಡೆದು ಬರಬೇಕು. ಅದಕ್ಕಾಗಿ ತಂದೆಯವರನ್ನು ಕರೆತಂದರೆ ಸಾಹುಕಾರರು ಪೂರ್ತಿ ಸಂದರ್ಶನವನ್ನು ತಂದೆಯ ಜೊತೆಗೇ ಮುಗಿಸುತ್ತಾರೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬರುತ್ತದೆಯೇ ಎಂಬ ಪ್ರಶ್ನೆಯನ್ನೂ ಅವರಿಗೇ ಕೇಳುತ್ತಾರೆ. ಇಂಥ ತಪ್ಪು ನಮ್ಮ ಕಡೆಯಿಂದಲೇ ತಿದ್ದಬೇಕಾದದ್ದು.

ಕಳೆದ ತಿಂಗಳು ಜೇವರ್ಗಿ ಕಡೆಯ ಹುಡುಗನೊಬ್ಬ ಸರಿಯಾಗಿ 20ನೇ ತಾರೀಖಿಗೇ ಬಂದ. "ಇವತ್ತ ಆಗಲ್ಲಪ್ಪಾ, ನಾಡದ ಬಾ" ಎಂದೆ. ಹಾಗೆ ಹೇಳಿಸಿಕೊಂಡವರು ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ, ಅವನು ಬಂದ. ಈಗ ನಮ್ಮ ಕಾಟಾದ ಮೇಲೆ ಲಾರಿಗಳ ತೂಕ ಬರೆಯುತ್ತಿದ್ದಾನೆ. ಅದೇ ಕೆಲಸಕ್ಕೆ ಇ-ಮೇಲಿನಲ್ಲಿಯೂ ಅರ್ಜಿಗಳು ಬಂದಿದ್ದವಂತೆ. ನಮ್ಮ ಫಲಕದ ಮೇಲಿರುವ ಇ-ಮೇಲ್ ವಿಳಾಸ ಸಾಹುಕಾರರ ಮಗನದು, ಅವರು ಪುಣೆಗೆ ಹೋಗಿ ನಾಲ್ಕು ವರ್ಷವಾಯಿತು.