ನಿಂತ ಬೆಲೆ, ಮಲಗಿದ ಟೊಮ್ಯಾಟೊ

ಬಿ.ಎ. ಮೊದಲ ಸೆಮಿಸ್ಟರಿನ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ನಾನು ಬರೆದ ಮೊದಲ ಬೇಡಿಕೆ ರೇಖೆ, ಅಂದರೆ ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆಂದು ತೋರಿಸುವ ಗೆರೆ, ಜಾರುಬಂಡೆಯ ಹಾಗೆ ಬಲು ಚೆನ್ನಾಗಿ ಬಂದಿತ್ತು. ಮೇಷ್ಟ್ರು ಅದರ ಮೇಲೆ ಕೆಂಪು ಗೀಟು ಎಳೆದರು. ಬೆಲೆಯನ್ನು ನಾನು ಅಡ್ಡಗೆರೆಯ ಮೇಲೆ ಮಲಗಿಸಿಬಿಟ್ಟಿದ್ದೆ.

ತಪ್ಪು ನನ್ನದಲ್ಲ, ಪಿಯುಸಿ ಗಣಿತದ್ದು. ಕಾರಣ ಅಡ್ಡಕ್ಕೆ, ಪರಿಣಾಮ ಉದ್ದಕ್ಕೆ ಅಂತ ಅಲ್ಲಿ ರೂಢಿಯಾಗಿತ್ತು. ಇಲ್ಲಿ ನೋಡಿದರೆ 'ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ' ಎಂದು ಬಾಯಲ್ಲಿ ಹೇಳುತ್ತಲೇ ಬೋರ್ಡಿನ ಮೇಲೆ ಬೆಲೆಯನ್ನು ಕಂಬದ ಹಾಗೆ ನೆಟ್ಟಗೆ ನಿಲ್ಲಿಸುತ್ತಾರೆ. ಕೇಳಿದ್ದಕ್ಕೆ, "ಮಾರ್ಷಲ್ ಹಾಗೇ ಬರೆದಿದ್ದಾನೆ, ನೀನೂ ಹಾಗೇ ಬರಿ" ಅಂದರು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್‌ನ ಆ ದಪ್ಪ ಪುಸ್ತಕ ಬಂದದ್ದು 1890ರಲ್ಲಿ. ಆಸಾಮಿ ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ ಪಡೆದವನು. ಅಂಥವನಿಗೆ ಅಡ್ಡ ಯಾವುದು, ಉದ್ದ ಯಾವುದು ಗೊತ್ತಿರಲಿಲ್ಲವೇ?

ಉತ್ತರ ಸಿಕ್ಕಿದ್ದು ಲೈಬ್ರರಿಯಲ್ಲಲ್ಲ, ಕೋಲಾರದ ಎಪಿಎಂಸಿಯಲ್ಲಿ. ರಜೆಗೆ ಊರಿಗೆ ಹೋದಾಗ ಅಪ್ಪನ ಜೊತೆ ಟೊಮ್ಯಾಟೊ ಬಾಕ್ಸುಗಳ ಗಾಡಿ ಹತ್ತಿದ್ದೆ. ಗೇಟು ದಾಟಿದವನೇ ಅಪ್ಪ ರೇಟು ಎಷ್ಟು ಅಂತ ಯಾರನ್ನೂ ಕೇಳಲಿಲ್ಲ. ಮಂಡಿಯ ಆ ತುದಿಯಿಂದ ಈ ತುದಿಯವರೆಗೆ ಪೇರಿಸಿದ್ದ ಬಾಕ್ಸುಗಳ ಮೇಲೆ ಒಂದು ಸಲ ಕಣ್ಣಾಡಿಸಿ, "ಮಾಲು ಜಾಸ್ತಿ ಬಂದೈತೆ. ಇವತ್ತು ರೇಟು ಮಕಾಡೆ ಬಿತ್ತು ಅಂತ್ಲೇ ತಿಳ್ಕೊ" ಅಂದ. ಹರಾಜು ಇನ್ನೂ ಶುರುವಾಗಿರಲಿಲ್ಲ. ಆಮೇಲೆ ಕೂಗಿದಾಗ ರೇಟು ಮಕಾಡೆಯೇ ಬಿತ್ತು.

ಅಲ್ಲಿಗೆ ಮಾರ್ಷಲ್ ಅರ್ಥವಾದ. ಕೊಳ್ಳುವವರಿಗೆ ಬೆಲೆ ಮೊದಲು, ಎಷ್ಟು ಕೊಳ್ಳೋಣ ಎಂಬುದು ಆಮೇಲೆ. ಮಾರುಕಟ್ಟೆಗೆ ಸರಕು ತಂದು ಸುರಿದವನಿಗೆ ಅದೇ ತಿರುವುಮುರುವು: ಇಷ್ಟು ಮಾಲು ಬಂದುಬಿಟ್ಟಿದೆ, ಇದಕ್ಕೆ ಜನ ಎಷ್ಟು ಕೊಟ್ಟಾರು? ಮಾರ್ಷಲ್ ಕೇಳಿದ್ದೂ ಇದನ್ನೇ. ಕಿತ್ತ ಟೊಮ್ಯಾಟೊವನ್ನು ಮತ್ತೆ ಗಿಡಕ್ಕೆ ಅಂಟಿಸಲಾಗುವುದಿಲ್ಲ. ಅದು ಅಡ್ಡಗೆರೆಯ ಮೇಲೆ ಬಿದ್ದುಕೊಂಡಿರುತ್ತದೆ, ಬೆಲೆ ಮೇಲೆ ಕೆಳಗೆ ಕುಣಿಯುತ್ತದೆ.

ಆಮೇಲೆ ಬಂತು 2023ರ ಜುಲೈ. ಹದಿನೈದು ಕಿಲೋ ಬಾಕ್ಸು ಕೋಲಾರದಲ್ಲಿ 2000 ರೂಪಾಯಿ ದಾಟಿತು. ಅಷ್ಟು ಹೊತ್ತಿಗೆ ನಮ್ಮ ತೋಟ ಖಾಲಿ. ಅಪ್ಪ ಮತ್ತೆ ನಾಟಿ ಮಾಡುತ್ತೇನೆಂದು ಹೊರಟಾಗ ನಾನು ನೋಟ್ಸು ತೆಗೆದೆ. ಜೇಡರ ಬಲೆ ಸಿದ್ಧಾಂತ: ಇವತ್ತಿನ ಬೆಲೆ ನೋಡಿ ಎಲ್ಲರೂ ಬೆಳೆ ಇಡುತ್ತಾರೆ, ಫಸಲು ಕೈಗೆ ಬರಲು ಎರಡು ತಿಂಗಳ ಮೇಲಾಗುತ್ತದೆ, ಅಷ್ಟರಲ್ಲಿ ಮಾಲು ತುಂಬಿ ಬೆಲೆ ಕುಸಿಯುತ್ತದೆ, ಮತ್ತೆ ಎಲ್ಲರೂ ಬಿಡುತ್ತಾರೆ, ಮತ್ತೆ ಏರುತ್ತದೆ. ಇದಕ್ಕೆ ಆ ಹೆಸರಿಟ್ಟವನು ಅರ್ಥಶಾಸ್ತ್ರಜ್ಞ ನಿಕೊಲಾಸ್ ಕಾಲ್ಡರ್, 1934ರಲ್ಲಿ ಎಂಬುದನ್ನೂ ಬಿಡದೆ ಹೇಳಿದೆ. ಚಿತ್ರವನ್ನೂ ಬರೆದು ತೋರಿಸಿದೆ, ಬೆಲೆಯನ್ನು ನೆಟ್ಟಗೆ ನಿಲ್ಲಿಸಿಯೇ.

ಅಪ್ಪ ಪೂರ್ತಿ ಕೇಳಿಸಿಕೊಂಡ. "ಇದು ನಂಗೂ ಗೊತ್ತು, ಊರಿಗೆಲ್ಲ ಗೊತ್ತು. ಎಲ್ರೂ ಇಕ್ತಾರೆ ಅಂತ ಹೆದ್ರಿ ಎಲ್ರೂ ಬಿಟ್ಬಿಟ್ರೆ? ಆವಾಗ ಇಕ್ಕಿದೋನೇ ರಾಜ ಅಲ್ವೇನೋ?"

ಸಿಲಬಸ್ಸಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಸಸಿಗೆ ಅಡ್ವಾನ್ಸ್ ಕೊಡಲು ಇಬ್ಬರೂ ನರ್ಸರಿಗೆ ಹೋದೆವು. ಗೇಟಿನ ಮುಂದೆ ಆಗಲೇ ಹನ್ನೊಂದು ಬೈಕು ನಿಂತಿದ್ದವು.