ಎಷ್ಟು ಮೆಗಾಪಿಕ್ಸೆಲ್?

ಡಿಜಿಟಲ್ ಕ್ಯಾಮೆರಾ ಹೊಸದಾಗಿ ಬಂದ ಕಾಲದಲ್ಲಿ ಅದನ್ನು ಕೊಂಡವರಿಗೆ ಎದುರಾಗುತ್ತಿದ್ದ ಮೊದಲ ಪ್ರಶ್ನೆ, "ಎಷ್ಟು ಮೆಗಾಪಿಕ್ಸೆಲ್?" ಒಂದು ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿ ಹತ್ತು ಲಕ್ಷ ಚುಕ್ಕಿ. ಫೋಟೋ ಹೇಗೆ ಬರುತ್ತೆ ಅಂತ ಕೇಳುವವರು ಕಡಿಮೆ. ಎರಡು ಇದ್ದವರು ಮೂರು ಇದ್ದವರ ಎದುರು ತಮ್ಮದನ್ನು ಮೆಲ್ಲಗೆ ಚೀಲಕ್ಕೆ ಸೇರಿಸುತ್ತಿದ್ದರು.

ಆದರೆ ಈ ವ್ಯಾಪಾರ ಕುದುರಿದ್ದು ಆ ಅಂಕಿಯಿಂದ ಅಲ್ಲ ಅಂತ ನನ್ನ ಗುಮಾನಿ. 1994ರಲ್ಲಿ ಆಪಲ್ ಕಂಪನಿ ಕ್ವಿಕ್‌ಟೇಕ್ 100 ಎಂಬ ಡಿಜಿಟಲ್ ಕ್ಯಾಮೆರಾ ತಂದಿತು. ಚಿತ್ರ 640 x 480 ಚುಕ್ಕಿ. ಆ ಗುಣಮಟ್ಟದಲ್ಲಿ ತೆಗೆದರೆ ಎಂಟೇ ಫೋಟೋ ಹಿಡಿಯುತ್ತಿತ್ತು. ತೆಗೆದದ್ದನ್ನು ನೋಡಲು ಪರದೆ ಇರಲಿಲ್ಲ. ಕಣ್ಣು ಮುಚ್ಚಿದ್ದಾರೋ ಬಿಟ್ಟಿದ್ದಾರೋ ಎನ್ನುವುದು ಕಂಪ್ಯೂಟರಿಗೆ ಜೋಡಿಸಿದ ಮೇಲೇ ಗೊತ್ತಾಗಬೇಕು. ಮರುವರ್ಷ ಬಂದ ಕ್ಯಾಸಿಯೋ ಕ್ಯೂವಿ-10ರದ್ದು ಬರೀ 320 x 240. ಆದರೆ ಹಿಂಬದಿಯಲ್ಲಿ 1.8 ಇಂಚಿನ ಪುಟ್ಟ ಪರದೆ! ಕ್ಲಿಕ್ ಮಾಡು, ಅಲ್ಲೇ ನೋಡು, ಚೆನ್ನಾಗಿಲ್ವಾ, ಅಳಿಸು. ಕ್ವಿಕ್‌ಟೇಕ್ 1997ಕ್ಕೆ ಅಂಗಡಿ ಮುಚ್ಚಿತು. ಹಿಂದೆ ಪರದೆ ಇಲ್ಲದ ಕ್ಯಾಮೆರಾ ಕ್ರಮೇಣ ಅಪರೂಪವಾಯಿತು.

ಅದೇ 1997ರಲ್ಲಿ ಸೋನಿ ತಂದ ಫ್ಲಾಪಿ ಮ್ಯಾವಿಕಾ ನೋಡಲು ದಪ್ಪ, ಕೆಲಸದಲ್ಲಿ ನಿಧಾನ. ಆದರೆ ಅದು ಬಳಸುತ್ತಿದ್ದದ್ದು ಆ ಕಾಲದ ಕಂಪ್ಯೂಟರಿನ ಮಾಮೂಲಿ ಫ್ಲಾಪಿ ಡಿಸ್ಕ್. ತೆಗೆದು ಯಾವ ಕಂಪ್ಯೂಟರಿಗೆ ಹಾಕಿದರೂ ನಡೆಯುತ್ತಿತ್ತು, ಕೇಬಲ್ಲಿನ ರಗಳೆ ಇಲ್ಲ. ಜನ ಕೊಂಡರು. ಉಳಿದ ಕಂಪನಿಗಳದು ಫೋಟೋ ಉಳಿಸಲು ತಲೆಗೊಂದು ಕಾರ್ಡು: ಸ್ಮಾರ್ಟ್‌ಮೀಡಿಯಾ, ಕಾಂಪ್ಯಾಕ್ಟ್‌ಫ್ಲ್ಯಾಶ್, ಆಮೇಲೆ ಮೆಮೊರಿ ಸ್ಟಿಕ್, 2002ರಲ್ಲಿ ಎಕ್ಸ್‌ಡಿ. ಒಂದರ ಕಾರ್ಡು ಇನ್ನೊಂದಕ್ಕೆ ಆಗದು.

ಕಂಪನಿಗಳು ಮಾತ್ರ ಮೆಗಾಪಿಕ್ಸೆಲ್ ಹಿಂದೆಯೇ ಓಡಿದವು. ಗಣಿತ ಇಲ್ಲಿ ಸ್ವಲ್ಪ ಚೇಷ್ಟೆ ಮಾಡುತ್ತದೆ. ಎರಡು ಇದ್ದದ್ದು ನಾಲ್ಕಾದರೆ ಚಿತ್ರದ ಅಗಲ ಸುಮಾರು 1.4 ಪಟ್ಟು ಮಾತ್ರ ಆಗುತ್ತದೆ. ಅಗಲ ಎರಡು ಪಟ್ಟಾಗಲು ಎಂಟು ಬೇಕು! ಮೇಲಾಗಿ, ಬೆಳಕು ಹಿಡಿಯುವ ಉಗುರಿನಷ್ಟು ಸೆನ್ಸರಿಗೆ ಜಾಸ್ತಿ ಚುಕ್ಕಿ ತುರುಕಿದರೆ ಒಂದೊಂದಕ್ಕೂ ಸಿಗುವ ಬೆಳಕು ಕಡಿಮೆ. ಸಂಜೆ ತೆಗೆದ ಫೋಟೋದಲ್ಲಿ ಮುಖದ ಮೇಲೆಲ್ಲ ಮರಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಅಂಗಡಿಯಲ್ಲಿ ನಿಂತು ಇದನ್ನೆಲ್ಲ ಯಾರು ವಿವರಿಸುತ್ತಾರೆ? ಮೂರಕ್ಕಿಂತ ಐದು ದೊಡ್ಡದು ಅಂದರೆ ಮುಗೀತು, ಅಲ್ವಾ?

ಅಂಗಡಿಗಳಲ್ಲಿ ಮೂರು ಮೆಗಾಪಿಕ್ಸೆಲ್ ಮೆರೆಯುತ್ತಿದ್ದ 2000ದಲ್ಲಿ ಜಪಾನಿನಲ್ಲಿ ಶಾರ್ಪ್ ಕಂಪನಿಯ ಜೆ-ಎಸ್‌ಎಚ್04 ಎಂಬ ಫೋನ್ ಬಂತು. ಅದರ ಕ್ಯಾಮೆರಾ 0.11 ಮೆಗಾಪಿಕ್ಸೆಲ್. ಅಂಕಿ ನೋಡಿದರೆ ಅದು ಆಟಕ್ಕೇ ಇಲ್ಲ. ಆದರೆ ತೆಗೆದ ಫೋಟೋವನ್ನು ನಿಂತಲ್ಲೇ ಇನ್ನೊಬ್ಬರಿಗೆ ಕಳಿಸಬಹುದಿತ್ತು. ಕ್ಯಾಸಿಯೋ ಪರದೆ ಹಿಡಿದ ದಾರಿಯೇ ಇದು, ಒಂದು ಹೆಜ್ಜೆ ಮುಂದೆ. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ ಆ ವರ್ಷ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 12 ಕೋಟಿ ದಾಟಿ ತುದಿ ಮುಟ್ಟಿತು. ಆಮೇಲೆ ಇಳಿಜಾರು.

ಈಗಿನ ಹುಡುಗ ಹುಡುಗಿಯರು ಆ ಹಳೆ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಫ್ಲ್ಯಾಶ್ ಬಿದ್ದು ಬಿಳಿಚಿದ ಮುಖವೇ ಚೆಂದವಂತೆ. ಕ್ಯಾಮೆರಾ ಸಿಕ್ಕಿಬಿಡುತ್ತದೆ, ಕಷ್ಟ ಇರುವುದು ಅದಕ್ಕೆ ಹೊಂದುವ ಕಾರ್ಡು ಹುಡುಕುವುದರಲ್ಲಿ. ಸ್ಮಾರ್ಟ್‌ಮೀಡಿಯಾ, ಎಕ್ಸ್‌ಡಿ ಎರಡರ ತಯಾರಿಕೆಯೂ ನಿಂತು ವರ್ಷಗಳೇ ಆದವು.