‘ಅಪ್ರೂವ್ಡ್’ ಅಂದರೆ ಏನು ಗೊತ್ತಾ?

ಮೊನ್ನೆ ಗೆಳೆಯರೆಲ್ಲ ಸೇರಿದ್ದಾಗ ಒಬ್ಬ ಭಾರಿ ಖುಷಿಯಿಂದ ಒಂದು ಕತೆ ಹೇಳಿದ. ಆನ್‌ಲೈನ್‌ನಲ್ಲಿ ಹೆಡ್‌ಫೋನ್ ತರಿಸಿದ್ದನಂತೆ. ಕೈಗೆ ಬಂದ ಮೇಲೆ ಯಾಕೋ ಹಿಡಿಸಲಿಲ್ಲವಂತೆ. ವಾಪಸ್ ಕಳಿಸುವುದು ರಗಳೆ ಅಂತ ಸೀದಾ ಬ್ಯಾಂಕಿಗೆ ಫೋನ್ ಮಾಡಿ ‘ಈ ಖರ್ಚು ನಾನು ಮಾಡಿದ್ದೇ ಅಲ್ಲ’ ಅಂದನಂತೆ. ದುಡ್ಡು ವಾಪಸ್ ಬಂತು. ಹೆಡ್‌ಫೋನೂ ಅವನ ಹತ್ತಿರವೇ ಉಳಿಯಿತು. ‘ಯಾರಿಗೇನು ನಷ್ಟ? ಬ್ಯಾಂಕಿನ ದುಡ್ಡು ತಾನೇ’ ಅಂದ. ಎಲ್ಲರೂ ನಕ್ಕರು. ನಾನು ಸುಮ್ಮನೆ ಕೂತಿದ್ದೆ. ಆವತ್ತು ಬಾಯಿಗೆ ಬಂದು ನುಂಗಿದ್ದನ್ನು ಇವತ್ತು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ.

ನಾನು ಹಳೆಯ ಕ್ಯಾಮೆರಾ ಲೆನ್ಸ್ ಮಾರುವವನು. ಒಳಗೆ ಬೂಷ್ಟು ಹಿಡಿದ, ಫೋಕಸ್ ರಿಂಗ್ ತಿರುಗದ ಲೆನ್ಸ್‌ಗಳನ್ನು ಕೊಂಡು, ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ, ಮತ್ತೆ ಜೋಡಿಸಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಒಬ್ಬನೇ. ಫೋಟೋ ತೆಗೆಯುವವನೂ ನಾನೇ, ಪ್ಯಾಕ್ ಮಾಡುವವನೂ ನಾನೇ, ಗಿರಾಕಿಗಳ ಬೈಗುಳ ಕೇಳುವವನೂ ನಾನೇ.

ಒಮ್ಮೆ ಒಳ್ಳೆ ಬೆಲೆಯ ಲೆನ್ಸ್‌ಗೆ ಆರ್ಡರ್ ಬಂತು. ಕಾರ್ಡ್ ನಂಬರ್ ಸರಿ, ಹಿಂದಿನ ಮೂರು ಅಂಕಿಯ ಸಿವಿವಿ ಸರಿ. ಪರದೆ ಮೇಲೆ ಹಸಿರು ಬಣ್ಣದಲ್ಲಿ ‘ಅಪ್ರೂವ್ಡ್’ ಅಂತ ಬಂತು. ದುಡ್ಡು ನನ್ನ ಖಾತೆಗೂ ಬಂತು. ಲೆನ್ಸ್ ಕಳಿಸಿದೆ. ತಲುಪಿತು, ಸಹಿಯೂ ಆಯಿತು. ಎರಡೂವರೆ ತಿಂಗಳಾದ ಮೇಲೆ ಒಂದು ಬೆಳಗ್ಗೆ ಕಾರ್ಡಿನ ದುಡ್ಡನ್ನು ನನಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಕಂಪನಿಯಿಂದ ಮೇಲ್: ಕಾರ್ಡಿನ ಮಾಲೀಕರು ಈ ವ್ಯವಹಾರ ತಮ್ಮದಲ್ಲ ಅಂದಿದ್ದಾರೆ, ಹಣ ಹಿಂಪಡೆಯಲಾಗಿದೆ, ಜೊತೆಗೆ ಚಾರ್ಜ್‌ಬ್ಯಾಕ್ ಶುಲ್ಕ, ಅಂದರೆ ಹೀಗೆ ದುಡ್ಡು ವಾಪಸ್ ಹೋದದ್ದಕ್ಕೆ ನಾನು ಕಟ್ಟಬೇಕಾದ ದಂಡ. ‘ಹಿಂಪಡೆಯಲಾಗಿದೆ’ ಅನ್ನುವುದನ್ನು ಗಮನಿಸಿ. ಕೇಳಿ ಅಲ್ಲ, ಮೊದಲು ತೆಗೆದುಕೊಂಡು ಆಮೇಲೆ ತಿಳಿಸಿದ್ದು.

ನನ್ನ ಹತ್ತಿರ ಸಾಕ್ಷಿ ಇದೆಯಲ್ಲ ಅಂತ ನನಗೆ ಧೈರ್ಯ. ಕೊರಿಯರ್ ರಸೀದಿ, ಟ್ರ್ಯಾಕಿಂಗ್, ಸಹಿ ಎಲ್ಲ ಸೇರಿಸಿ ಕಳಿಸಿದೆ. ಸೋತೆ. ಯಾಕೆ ಸೋತೆ ಅನ್ನುವುದು ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ವಸ್ತು ತಲುಪಲಿಲ್ಲ ಅಂತ ಕಾರ್ಡಿನ ಮಾಲೀಕರು ಹೇಳಿದ್ದೇ ಅಲ್ಲ. ‘ನಾನು ಆರ್ಡರ್ ಮಾಡಿಲ್ಲ’ ಅಂತ ಹೇಳಿದ್ದು. ವಸ್ತು ಯಾರಿಗೋ ತಲುಪಿದೆ ಅಂತ ನಾನು ಎಷ್ಟು ಚೆನ್ನಾಗಿ ತೋರಿಸಿದರೂ, ಆ ಯಾರೋ ಕಾರ್ಡಿನ ಮಾಲೀಕರೇ ಅಂತ ತೋರಿಸಿದಂತೆ ಆಗುವುದಿಲ್ಲ. ಅವರು ಹೇಳಿದ್ದು ನಿಜವೂ ಆಗಿತ್ತು. ಅವರ ಕಾರ್ಡ್ ನಂಬರ್ ಕಳುವಾಗಿತ್ತು.

ಇಲ್ಲಿಂದ ಮುಂದಿನದು ನನಗೆ ಇನ್ನೂ ಕಾಡುವ ಭಾಗ. ಸೋತ ಮೇಲೆ, ಲೆನ್ಸ್ ತಲುಪಿದ ವಿಳಾಸಕ್ಕೇ ಒಂದು ಪತ್ರ ಬರೆದೆ. ಸ್ವಲ್ಪ ಖಾರವಾಗಿಯೇ ಬರೆದಿದ್ದೆ. ಒಬ್ಬ ಹುಡುಗ ಗಾಬರಿಯಿಂದ ಉತ್ತರ ಬರೆದ. ಅವನು ಇನ್ನಾವುದೋ ಸೈಟಿನಲ್ಲಿ ಅದೇ ಲೆನ್ಸ್ ಅರ್ಧ ಬೆಲೆಗೆ ನೋಡಿ, ತನ್ನದೇ ಕಾರ್ಡಿನಿಂದ ದುಡ್ಡು ಕೊಟ್ಟು ಕೊಂಡಿದ್ದ. ರಸೀದಿ ಕೂಡ ಕಳಿಸಿದ. ಆ ಸೈಟ್ ಅಷ್ಟರಲ್ಲಿ ಮಾಯವಾಗಿತ್ತು. ಕಳ್ಳ ಮಾಡಿದ್ದು ಇಷ್ಟು: ಹುಡುಗನ ಒಳ್ಳೆ ದುಡ್ಡನ್ನು ಜೇಬಿಗೆ ಹಾಕಿಕೊಂಡು, ಬೇರೆಯವರ ಕದ್ದ ಕಾರ್ಡಿನಿಂದ ನನ್ನ ಹತ್ತಿರ ಆರ್ಡರ್ ಹಾಕಿ, ವಿಳಾಸದ ಜಾಗದಲ್ಲಿ ಹುಡುಗನ ವಿಳಾಸ ಬರೆದಿದ್ದ. ಇದಕ್ಕೆ ಟ್ರಯಾಂಗ್ಯುಲೇಷನ್ ಅಂತ ಹೆಸರೇ ಇದೆ. ಕಾರ್ಡಿನ ಮಾಲೀಕರು ಪ್ರಾಮಾಣಿಕರು, ಹುಡುಗ ಪ್ರಾಮಾಣಿಕ, ನಾನೂ ಅಷ್ಟೇ ಅಂದುಕೊಂಡಿದ್ದೇನೆ. ಮಾಲೀಕರಿಗೆ ದುಡ್ಡು ವಾಪಸ್ ಬಂತು. ಹುಡುಗನಿಗೆ ಲೆನ್ಸ್ ಸಿಕ್ಕಿತು. ಕಳ್ಳನನ್ನು ಯಾರೂ ನೋಡಲೇ ಇಲ್ಲ. ದುಡ್ಡು ಕಟ್ಟಿದ್ದು ನಾನು. ಲೆನ್ಸ್ ವಾಪಸ್ ಕೊಡು ಅಂತ ಆ ಹುಡುಗನನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಒಂದು ಲೆನ್ಸ್ ನೂರಕ್ಕೆ ಮಾರಿದೆ ಅಂದುಕೊಳ್ಳಿ. ಕೊಂಡಿದ್ದು ಎಪ್ಪತ್ತಕ್ಕೆ. ರಿಪೇರಿ ಸಾಮಾನು, ಪ್ಯಾಕಿಂಗ್, ಕೊರಿಯರ್ ಎಲ್ಲ ಸೇರಿ ಹದಿನೈದು. ಕಾರ್ಡ್ ಕಮಿಷನ್ ಮೂರು. ನನಗೆ ಉಳಿಯುವುದು ಹನ್ನೆರಡು. ಈಗ ಆ ನೂರು ವಾಪಸ್ ಹೋಯಿತು. ಎಪ್ಪತ್ತು, ಹದಿನೈದು, ಮೂರು ಹೋದವು. ಕಮಿಷನ್ ಎಷ್ಟೋ ಸಲ ವಾಪಸ್ ಬರುವುದಿಲ್ಲ. ಮೇಲೆ ಚಾರ್ಜ್‌ಬ್ಯಾಕ್ ಶುಲ್ಕ ಒಂದೈದು ಅಂತಿಟ್ಟುಕೊಳ್ಳಿ. ಒಟ್ಟು ತೊಂಬತ್ತಮೂರು. ಅದನ್ನು ತುಂಬಿಕೊಳ್ಳಬೇಕಾದರೆ ಇನ್ನೂ ಎಂಟು ಲೆನ್ಸ್ ಮಾರಬೇಕು. ಅಂದರೆ ಎಂಟು ಲೆನ್ಸ್ ಬಿಚ್ಚಿ ಜೋಡಿಸುವ ಕೆಲಸ ಪೂರ್ತಿ ಬಿಟ್ಟಿ. ದೊಡ್ಡ ಕಂಪನಿಗಳು ಈ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ ಎಲ್ಲರ ಬೆಲೆಯಲ್ಲೂ ಚೂರುಚೂರು ಹಂಚಿಬಿಡುತ್ತವೆ. ಒಬ್ಬನೇ ಕೂತು ಮಾರುವವನು ಯಾರಿಗೆ ಹಂಚಬೇಕು?

ಈಗ ‘ಅಪ್ರೂವ್ಡ್’ಗೆ ಬರೋಣ. ನನಗೆ ಆವರೆಗೂ ಅದರ ಅರ್ಥ, ಬ್ಯಾಂಕ್ ಒಪ್ಪಿದೆ, ಇನ್ನು ಯೋಚನೆ ಬೇಡ ಅಂತ. ನಿಜವಾಗಿ ಅದರ ಅರ್ಥ ಇಷ್ಟೇ: ಈ ಕಾರ್ಡ್ ಚಾಲ್ತಿಯಲ್ಲಿದೆ, ಕಳುವಾಗಿದೆ ಅಂತ ಇನ್ನೂ ಯಾರೂ ದೂರು ಕೊಟ್ಟಿಲ್ಲ, ಇದರಲ್ಲಿ ಇಷ್ಟು ಖರ್ಚಿಗೆ ಜಾಗ ಇದೆ. ಕಾರ್ಡ್ ಬಳಸುತ್ತಿರುವವರು ಯಾರು ಅಂತ ಅದು ಹೇಳುವುದೇ ಇಲ್ಲ. ಆದರೂ ಮನುಷ್ಯನ ಕಣ್ಣಿಗೆ ಹಸಿರು ಬಣ್ಣ ಕಂಡರೆ ‘ಹೋಗು’ ಅಂತಲೇ ಕೇಳುತ್ತದೆ, ಅಲ್ವಾ?

ಕಾರ್ಡಿನ ಮಾಲೀಕರಿಗೆ ರಕ್ಷಣೆ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು. ಕದ್ದ ಕಾರ್ಡಿನ ಖರ್ಚಿಗೆ ಗ್ರಾಹಕ 50 ಡಾಲರ್‌ಗಿಂತ ಜಾಸ್ತಿ ಹೊರಬೇಕಿಲ್ಲ ಅಂತ ಅಮೆರಿಕ 1970ರಲ್ಲೇ ಕಾನೂನು ಮಾಡಿತು. ಬಿಲ್ಲಿನಲ್ಲಿ ತಪ್ಪಿದ್ದರೆ ತಕರಾರು ಮಾಡುವ ಹಕ್ಕು 1974ರ ಕಾನೂನಿನಿಂದ ಬಂತು. ಅದಿಲ್ಲದಿದ್ದರೆ ಗೊತ್ತಿಲ್ಲದ ಸಣ್ಣ ಅಂಗಡಿಗೆ ಯಾರು ತಾನೇ ಕಾರ್ಡ್ ನಂಬರ್ ಕೊಡುತ್ತಿದ್ದರು? ನನ್ನ ವ್ಯಾಪಾರ ನಡೆಯುವುದೇ ಆ ರಕ್ಷಣೆಯ ದಯೆಯಿಂದ. ತಕರಾರು ಇರುವುದು ಮುಂದಿನ ಹೆಜ್ಜೆಯ ಬಗ್ಗೆ. ಗ್ರಾಹಕನ ಹೆಗಲಿನಿಂದ ಇಳಿದ ಭಾರ ಬ್ಯಾಂಕಿನ ಹೆಗಲಿಗೆ ಬರುತ್ತದೆ ಅಂತ ನನ್ನ ಗೆಳೆಯನ ಹಾಗೆ ಎಲ್ಲರೂ ನಂಬಿದ್ದಾರೆ. ಆದರೆ ಆನ್‌ಲೈನ್‌ನಂತೆ ಕಾರ್ಡ್ ಎದುರಿಗೆ ಇಲ್ಲದೆ ನಡೆಯುವ ವ್ಯವಹಾರದಲ್ಲಿ, ಬೇರೆ ದೃಢೀಕರಣ ಆಗಿರದಿದ್ದರೆ, ವೀಸಾದಂಥ ಕಾರ್ಡ್ ನೆಟ್‌ವರ್ಕ್‌ಗಳ ನಿಯಮ ಅದನ್ನು ಸಾಮಾನ್ಯವಾಗಿ ಮಾರುವವನ ಹೆಗಲಿಗೆ ದಾಟಿಸುತ್ತದೆ.

ಅಂಗಡಿಯಲ್ಲಿ ಕಾರ್ಡ್ ಕೊಟ್ಟು ಕೊಳ್ಳುವಾಗ ಇರುವ ನ್ಯಾಯ ಬೇರೆ. ಚಿಪ್ ಕಾರ್ಡ್ ಬಂದಾಗ ಅಮೆರಿಕದಲ್ಲಿ 2015ರ ಅಕ್ಟೋಬರ್‌ನಿಂದ ಒಂದು ನಿಯಮ ತಂದರು. ನಕಲಿ ಕಾರ್ಡಿನಿಂದ ಮೋಸ ಆದರೆ, ಯಾರು ಚಿಪ್‌ಗೆ ಬದಲಾಗಿಲ್ಲವೋ ಅವರು ನಷ್ಟ ಕಟ್ಟಬೇಕು. ಬ್ಯಾಂಕ್ ಚಿಪ್ ಕಾರ್ಡ್ ಕೊಟ್ಟಿದ್ದೂ ಅಂಗಡಿಯವನು ಹಳೇ ಮೆಷಿನ್ ಇಟ್ಟುಕೊಂಡಿದ್ದರೆ ಅಂಗಡಿಯವನದು. ಇದು ಸರಿ. ಮೋಸ ತಡೆಯುವ ಶಕ್ತಿ ಯಾರಿಗಿತ್ತೋ ಅವರು ಹೊರಲಿ. ಆದರೆ ಚಿಪ್ ಬಂದು ಅಂಗಡಿಯ ಬಾಗಿಲು ಭದ್ರವಾದಂತೆ ಕಳ್ಳರು ಆನ್‌ಲೈನ್ ಕಡೆ ತಿರುಗಿದರು. ಅಲ್ಲಿ ಈ ನ್ಯಾಯ ತಲೆಕೆಳಗಾಗಿದೆ. ಆ ಕಾರ್ಡಿನ ಹತ್ತು ವರ್ಷದ ಖರ್ಚಿನ ಚರಿತ್ರೆ ಇರುವುದು ಬ್ಯಾಂಕಿನ ಹತ್ತಿರ. ಅದರ ಮಾಲೀಕರು ಯಾವತ್ತಾದರೂ ಲೆನ್ಸ್ ಕೊಂಡಿದ್ದಾರಾ, ಅವರ ಫೋನ್ ಯಾವುದು, ಒಂದು ಗಂಟೆ ಹಿಂದೆ ಅದೇ ಕಾರ್ಡ್ ಇನ್ನೆಲ್ಲಿ ಉಜ್ಜಿದರು, ಎಲ್ಲ ಬ್ಯಾಂಕಿಗೆ ಗೊತ್ತು. ನನಗೆ ಗೊತ್ತಿರುವುದು ಒಂದು ಹೆಸರು, ಒಂದು ಇಮೇಲ್, ಒಂದು ವಿಳಾಸ. ಮೂರನ್ನೂ ಟೈಪ್ ಮಾಡಿದ್ದು ಕಳ್ಳ.

ಬೆಳಕು ಇರುವವರು ಆಚೆ ನಿಂತಿದ್ದಾರೆ, ಕತ್ತಲಲ್ಲಿ ಇರುವವನ ಹತ್ತಿರ ದಂಡ ವಸೂಲಿ.

ಪರಿಹಾರ ಇಲ್ಲವೇ ಅಂದರೆ, ಅರ್ಧ ಇದೆ. 3ಡಿ ಸೆಕ್ಯೂರ್ ಅನ್ನುವ ವ್ಯವಸ್ಥೆಯನ್ನು ವೀಸಾ 2001ರ ಸುಮಾರಿಗೆ ತಂದಿತು. ದುಡ್ಡು ಕಟ್ಟುವಾಗ ಬ್ಯಾಂಕಿನ ಪುಟ ತೆರೆದು ಒಟಿಪಿ ಕೇಳುತ್ತದಲ್ಲ, ಅದರ ಹಿಂದೆ ಇರುವುದು ಇದೇ. ಅದನ್ನು ದಾಟಿ ಬಂದ ವ್ಯವಹಾರದಲ್ಲಿ ಮೋಸ ಆದರೆ ಸಾಮಾನ್ಯವಾಗಿ ನಷ್ಟ ಕಾರ್ಡ್ ಕೊಟ್ಟ ಬ್ಯಾಂಕಿನದು. ಭಾರತದ ರಿಸರ್ವ್ ಬ್ಯಾಂಕ್ 2009ರಲ್ಲೇ ಆನ್‌ಲೈನ್ ಕಾರ್ಡ್ ಪಾವತಿಗೆ ಇಂಥ ಎರಡನೇ ದೃಢೀಕರಣ ಕಡ್ಡಾಯ ಮಾಡಿತು. ಯುರೋಪಿನಲ್ಲಿ ಇಂಥದೇ ನಿಯಮ 2019ರ ಸೆಪ್ಟೆಂಬರ್‌ನಲ್ಲಿ ಬಂತು. ಅಮೆರಿಕದಲ್ಲಿ ಹಾಗೆ ಕಡ್ಡಾಯ ಇಲ್ಲ. ಎಲ್ಲ ದೇಶಕ್ಕೂ ಮಾರುವವನಿಗೆ ಎಲ್ಲ ಥರದ ಕಾರ್ಡೂ ಬರುತ್ತವೆ. ಈ ಹೆಜ್ಜೆ ಸೇರಿಸಿದರೆ ಗಿರಾಕಿಗಳು ಅರ್ಧದಲ್ಲೇ ಬಿಟ್ಟು ಹೋಗುತ್ತಾರೆ ಅನ್ನುವ ಭಯವೂ ಸುಳ್ಳಲ್ಲ. ಒಟಿಪಿ ಬರುವಷ್ಟರಲ್ಲಿ ಮನಸ್ಸು ಬದಲಾದವರನ್ನು ನಾನೇ ನೋಡಿದ್ದೇನೆ. ಆದರೂ ಈಗ ನಾನು ಅದನ್ನು ಹಾಕಿಸಿಕೊಂಡಿದ್ದೇನೆ. ಬ್ಯಾಂಕ್ ಒಪ್ಪುವ ಕಡೆ ಕೆಲಸ ಮಾಡುತ್ತದೆ, ಉಳಿದ ಕಡೆ ದೇವರೇ ಗತಿ.

ಇನ್ನೊಂದು ರಾತ್ರಿ ನಡೆದಿದ್ದು ಸ್ವಲ್ಪ ತಮಾಷೆಯಾಗಿದೆ. ನನ್ನ ಸೈಟಿನಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನು ಲೆನ್ಸ್ ಕ್ಯಾಪ್. ಬೆಳಗ್ಗೆ ಎದ್ದು ನೋಡಿದರೆ ನಾನೂರು ಜನ ಲೆನ್ಸ್ ಕ್ಯಾಪ್ ಕೊಳ್ಳಲು ಪ್ರಯತ್ನಿಸಿದ್ದಾರೆ! ಒಂದು ಕ್ಷಣ ನಾನು ಫೇಮಸ್ ಆಗಿಬಿಟ್ಟೆ ಅಂದುಕೊಂಡೆ. ಅದು ಬಾಟ್, ಅಂದರೆ ತಾನೇ ಆರ್ಡರ್ ಹಾಕುತ್ತಾ ಹೋಗುವ ಪ್ರೋಗ್ರಾಂ. ಕದ್ದ ಅಥವಾ ಕಂಪ್ಯೂಟರಿನಲ್ಲಿ ಹುಟ್ಟಿಸಿದ ಕಾರ್ಡ್ ನಂಬರ್‌ಗಳಲ್ಲಿ ಯಾವುದು ಜೀವಂತ ಇದೆ ಅಂತ ಪರೀಕ್ಷೆ ಮಾಡಲು ಕಳ್ಳರು ಸಣ್ಣ ಅಂಗಡಿಗಳನ್ನು ಹುಡುಕುತ್ತಾರೆ. ಕಾರ್ಡಿನ ಕೊನೇ ಅಂಕಿ ಲೆಕ್ಕ ತಾಳೆ ನೋಡಲು ಇರುವಂಥದ್ದು. ಐಬಿಎಂನ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಸೂತ್ರ ಅದು. ಅದು ಇರುವುದು ಬರೆಯುವಾಗಿನ ತಪ್ಪು ಹಿಡಿಯಲಿಕ್ಕೆ, ಕಳ್ಳರನ್ನು ಹಿಡಿಯಲಿಕ್ಕಲ್ಲ. ಅದಕ್ಕೆ ತಾಳೆಯಾಗುವ ನಂಬರನ್ನು ಕಂಪ್ಯೂಟರ್ ಎಷ್ಟು ಬೇಕಾದರೂ ಹುಟ್ಟಿಸುತ್ತದೆ. ನಾನೂರು ಪ್ರಯತ್ನಗಳಲ್ಲಿ ಹೆಚ್ಚಿನವು ಫೇಲಾಗಿದ್ದವು. ಆದರೆ ಗೇಟ್‌ವೇ ಫೇಲಾದ ಪ್ರಯತ್ನಕ್ಕೂ ಶುಲ್ಕ ಹಾಕಿತ್ತು. ನಿಜವಾದ ಒಬ್ಬ ಗಿರಾಕಿಗೂ ಕ್ಯಾಪ್ ಮಾರದೆ ಬಿಲ್ ಕಟ್ಟಿದೆ.

ದುಡ್ಡಿಗಿಂತ ದೊಡ್ಡ ಪೆಟ್ಟು ಬೇರೆ. ಒಂದು ಸಲ ಮೋಸ ಹೋದವನಿಗೆ ಎಲ್ಲರೂ ಕಳ್ಳರಂತೆ ಕಾಣುತ್ತಾರೆ. ಬಿಲ್ಲಿನ ವಿಳಾಸ ಒಂದು, ಕಳಿಸುವ ವಿಳಾಸ ಇನ್ನೊಂದು ಇದ್ದರೆ ಅನುಮಾನ. ಬೇಗ ಕಳಿಸಿ ಅಂದರೆ ಅನುಮಾನ. ಏನೂ ವಿಚಾರಿಸದೆ ದುಬಾರಿ ವಸ್ತು ಕೊಂಡರೆ ಅನುಮಾನ. ಆ ನಷ್ಟದ ಬೆನ್ನಿಗೇ ಇಂಥದೇ ಆರ್ಡರ್ ಬಂದಾಗ ನಾನು ಕಾರಣ ಕೂಡ ಹೇಳದೆ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಹಾಕಿದೆ. ಮರುದಿನ ಒಬ್ಬ ಹೆಂಗಸಿನಿಂದ ಮೇಲ್ ಬಂತು. ಅವರ ತಂದೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಆ ಲೆನ್ಸ್. ತಂದೆ ಇರುವುದು ಬೇರೆ ಊರಿನಲ್ಲಿ. ಅವರು ಹಿಂದೆ ಬಳಸುತ್ತಿದ್ದ ಮಾದರಿ ಅದು, ಎಷ್ಟೋ ಹುಡುಕಿ ಸಿಕ್ಕಿತ್ತಂತೆ. ‘ನಾನು ಏನು ತಪ್ಪು ಮಾಡಿದೆ ಅಂತ ತಿಳಿಸಿದರೆ ಸರಿ ಮಾಡಿಕೊಳ್ಳುತ್ತೇನೆ’ ಅಂತ ಬರೆದಿದ್ದರು. ಅಷ್ಟರಲ್ಲಿ ಲೆನ್ಸ್ ಇನ್ನೊಬ್ಬರಿಗೆ ಮಾರಿಯಾಗಿತ್ತು. ಏನಂತ ಉತ್ತರ ಬರೆಯಲಿ? ಬರೆದೆ, ಕ್ಷಮೆ ಕೇಳಿದೆ, ಅವರು ಮತ್ತೆ ಬರಲಿಲ್ಲ. ಈ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ನೆಟ್‌ವರ್ಕ್‌ಗಳು ಏನೂ ಮಾಡುತ್ತಿಲ್ಲ ಅಂತ ಹೇಳಿದರೆ ತಪ್ಪಾಗುತ್ತದೆ. ನನ್ನ ಹೆಡ್‌ಫೋನ್ ಗೆಳೆಯನಂಥವರಿಗಾಗಿಯೇ ವೀಸಾ 2023ರ ಏಪ್ರಿಲ್‌ನಲ್ಲಿ ನಿಯಮ ಬದಲಾಯಿಸಿತು. ಅದೇ ಕಾರ್ಡಿನಿಂದ ತಕರಾರಿಲ್ಲದೆ ನಡೆದ ಎರಡು ಹಳೆಯ ವ್ಯವಹಾರ ತೋರಿಸಿ, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತಿನ ಸಂಖ್ಯೆ), ಫೋನ್ ಇಂಥದ್ದು ತಾಳೆಯಾದರೆ, ಮಾರುವವನು ಗೆಲ್ಲಬಹುದು. ಆ ಎರಡೂ ಕನಿಷ್ಠ 120 ದಿನ ಹಳೆಯವಾಗಿರಬೇಕು. ತಿಂಗಳು ತಿಂಗಳು ದುಡ್ಡು ಕಟ್ಟಿಸಿಕೊಳ್ಳುವ ದೊಡ್ಡ ಕಂಪನಿಗಳಿಗೆ ಒಳ್ಳೆಯದೇ. ಜನ್ಮಕ್ಕೊಂದು ಸಲ ಲೆನ್ಸ್ ಕೊಳ್ಳುವವರ ಎರಡು ಹಳೆಯ ವ್ಯವಹಾರ ನಾನೆಲ್ಲಿಂದ ತರಲಿ?

ನಾನು ಕೇಳುವುದು ಇಷ್ಟೇ. ದೃಢೀಕರಣ ಮಾಡು ಅಂತ ಮಾರುವವನು ಕೇಳಿದ್ದರೆ, ಬ್ಯಾಂಕ್ ತನ್ನ ಗಿರಾಕಿಗೆ ತೊಂದರೆ ಯಾಕೆ ಅಂತ ಅದನ್ನು ಬಿಟ್ಟು ಸೀದಾ ‘ಅಪ್ರೂವ್ಡ್’ ಅಂದಿದ್ದರೆ, ಆ ನಷ್ಟ ಎಲ್ಲ ಕಾರ್ಡಿಗೂ, ಎಲ್ಲ ದೇಶದಲ್ಲೂ, ಯಾವ ವಿನಾಯಿತಿಯೂ ಇಲ್ಲದೆ ಬ್ಯಾಂಕಿನದಾಗಲಿ. ದೃಢೀಕರಣದ ಸೌಲಭ್ಯವೇ ಇಲ್ಲದ ಕಡೆ ಅರ್ಧರ್ಧ ಹಂಚಿಕೊಳ್ಳಲಿ. ಅರ್ಧ ತನ್ನ ಜೇಬಿನಿಂದ ಹೋಗುತ್ತದೆ ಅಂತ ಗೊತ್ತಾದರೆ ಬ್ಯಾಂಕ್ ಹಸಿರು ದೀಪ ಹಾಕುವ ಮೊದಲು ಇನ್ನೊಂದು ಸಲ ನೋಡುತ್ತದೆ. ಮತ್ತೆ, ಸೋತ ಮೇಲಿನ ಶುಲ್ಕ ಇರಲಿ, ತಕರಾರು ಗೆದ್ದ ಮೇಲೂ ಶುಲ್ಕ ಕಟ್ಟಿಸಿಕೊಳ್ಳುವವರಿದ್ದಾರೆ. ಅದಕ್ಕೆ ಏನನ್ನಬೇಕೋ ನನಗಂತೂ ತಿಳಿಯದು.

ಗೆಳೆಯನಿಗೆ ನಿನ್ನೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ಅಯ್ಯೋ, ಅದು ದೊಡ್ಡ ಅಂಗಡಿ ಇರಬೇಕು ಬಿಡೋ’ ಅಂದ. ಸೈಟಿನ ಹೆಸರು ಕೇಳಿ ತೆರೆದು ನೋಡಿದೆ. ‘ನಮ್ಮ ಬಗ್ಗೆ’ ಪುಟದಲ್ಲಿ ಗಂಡ ಹೆಂಡತಿ ಇಬ್ಬರ ಫೋಟೋ ಇತ್ತು, ಸುತ್ತ ರಟ್ಟಿನ ಡಬ್ಬಗಳು. ಲಿಂಕ್ ಅವನಿಗೆ ಕಳಿಸಿದ್ದೇನೆ. ನೋಡಿದ್ದಾನೆ, ಎರಡು ನೀಲಿ ಗೆರೆ ಬಿದ್ದಿವೆ. ಉತ್ತರ ಬಂದಿಲ್ಲ.

ಈ ವಾರ ನನಗೂ ಒಂದು ಆರ್ಡರ್ ಬಂದಿದೆ. ದುಬಾರಿ ಲೆನ್ಸ್, ಹೊಸ ಗಿರಾಕಿ, ವಿಳಾಸ ಎರಡು ಥರ, ಒಟಿಪಿ ಕೇಳದ ಕಾರ್ಡ್. ಪರದೆ ಮೇಲೆ ಹಸಿರು. ಕ್ಯಾನ್ಸಲ್ ಮಾಡಲು ಆ ಹೆಂಗಸಿನ ಮೇಲ್ ನೆನಪಾಗುತ್ತದೆ, ಕಳಿಸಲು ಆ ಹುಡುಗನ ರಸೀದಿ ನೆನಪಾಗುತ್ತದೆ. ‘ದಯವಿಟ್ಟು ಒಂದು ಸಲ ಫೋನ್ ಮಾಡಿ’ ಅಂತ ಗಿರಾಕಿಗೆ ಬರೆದು ಎರಡು ದಿನ ಆಯಿತು. ಪ್ಯಾಕ್ ಮಾಡಿದ ಡಬ್ಬ ಇನ್ನೂ ಮೇಜಿನ ಮೇಲೇ ಇದೆ.